ಹೆಸರು ತಿಳಿಯದ ಹಣ್ಣು

ಬೈಯಪ್ಪನಹಳ್ಳಿಯ ಒಂದು ಜೈನ ಮನೆಯಲ್ಲಿ ಮೊಮ್ಮಗಳ ಮದುವೆಯ ಆರತಕ್ಷತೆಗೆ ಊಟದ ಪಟ್ಟಿ ಸಿದ್ಧವಾಗುತ್ತಿದೆ ಎಂದಿಟ್ಟುಕೊಳ್ಳೋಣ. ಮನೆಯ ಅಜ್ಜಿ ಪಕ್ಕದಲ್ಲಿ ಕುಳಿತು ಒಂದೊಂದನ್ನೂ ವಿಚಾರಿಸುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಆಲೂಗಡ್ಡೆ, ಕ್ಯಾರೆಟ್ ಬೇಡ. ನೀರನ್ನು ಸೋಸಿಯೇ ಬಳಸಬೇಕು. ವ್ರತನಿಷ್ಠ ಹಿರಿಯರ ಪಂಕ್ತಿ ಸೂರ್ಯಾಸ್ತಕ್ಕೆ ಮೊದಲೇ ಮುಗಿಯಬೇಕು. ಅಡುಗೆ ಗುತ್ತಿಗೆದಾರರು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಕೊನೆಯಲ್ಲಿ ಅವರೇ, "ಮಕ್ಕಳಿಗಾಗಿ ಒಂದು ಸ್ಮೋಕ್ ಪಾನ್ ಕೌಂಟರ್ ಇಡೋಣ ಅಮ್ಮ, ಬಾಯಿಂದ ಹೊಗೆ ಬರುತ್ತದೆ, ಎಲ್ಲರೂ ಫೋಟೊ ತೆಗೆದುಕೊಳ್ಳುತ್ತಾರೆ" ಎನ್ನುತ್ತಾರೆ. "ಅದರಲ್ಲಿ ಗೆಡ್ಡೆಗೆಣಸು ಏನೂ ಇಲ್ಲ ತಾನೆ?" ಎಂದು ಅಜ್ಜಿ ಕೇಳುತ್ತಾರೆ. "ಇಲ್ಲಮ್ಮ, ವೀಳ್ಯದೆಲೆ, ಗುಲ್ಕಂದ್ ಅಷ್ಟೆ." ಪಟ್ಟಿಗೆ ಅದೂ ಸೇರುತ್ತದೆ.

ಈ ಚಿತ್ರ ಕಲ್ಪಿತ. ಆದರೆ ಮುಂದಿನದು ಕಲ್ಪಿತವಲ್ಲ. ಬೆಂಗಳೂರಿನ ಮದುವೆಯೊಂದರ ಆರತಕ್ಷತೆಯಲ್ಲಿ ಇಂಥದೇ ಪಾನ್ ತಿಂದ 12 ವರ್ಷದ ಬಾಲಕಿಗೆ ತೀವ್ರ ಹೊಟ್ಟೆನೋವು ಕಾಣಿಸಿಕೊಂಡಿತು. ಪರೀಕ್ಷಿಸಿದಾಗ ಜಠರದಲ್ಲಿ ರಂಧ್ರವಾಗಿತ್ತು. ವೈದ್ಯರು ಶಸ್ತ್ರಚಿಕಿತ್ಸೆ ನಡೆಸಿ ಜಠರದ ಒಂದು ಭಾಗವನ್ನೇ ತೆಗೆದು ಆಕೆಯ ಜೀವ ಉಳಿಸಿದರು. 2024ರ ಮೇ ತಿಂಗಳಲ್ಲಿ ಈ ಸುದ್ದಿ ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು. ಅದಕ್ಕೆ ಸ್ವಲ್ಪ ಮೊದಲು ದಾವಣಗೆರೆಯ ವಸ್ತುಪ್ರದರ್ಶನದಲ್ಲಿ ಹೊಗೆಯಾಡುವ ಬಿಸ್ಕತ್ತು ತಿಂದ ಬಾಲಕನೊಬ್ಬ ಅಸ್ವಸ್ಥನಾಗಿದ್ದ. ದ್ರವ ಸಾರಜನಕ ಬೆರೆಸಿದ ತಿನಿಸುಗಳನ್ನು ಹಾಗೆ ನೇರವಾಗಿ ಗ್ರಾಹಕರಿಗೆ ಕೊಡುವುದನ್ನು ಅದೇ ವರ್ಷ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ನಿಷೇಧಿಸಿತು.

ಸಾರಜನಕ ವಿಷವಲ್ಲ. ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಅದೇ ಇದೆ. ಆದರೆ ದ್ರವ ರೂಪದಲ್ಲಿ ಅದರ ಉಷ್ಣತೆ ಸೊನ್ನೆಗಿಂತ ಸುಮಾರು 196 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಆವಿಯಾಗುವಾಗ ಅದು ಹೆಚ್ಚುಕಡಿಮೆ 700 ಪಟ್ಟು ಹಿಗ್ಗುತ್ತದೆ. ಪೂರ್ತಿ ಆವಿಯಾಗುವ ಮೊದಲೇ ನುಂಗಿದರೆ ಮೊದಲು ಶೈತ್ಯದಿಂದ ಒಳಗಿನ ಪದರ ಸುಡುತ್ತದೆ, ಬಳಿಕ ಹಿಗ್ಗುವ ಅನಿಲ ಜಠರವನ್ನೇ ಹರಿದುಬಿಡಬಹುದು. ಮಗುವಿಗೆ ಕಂಡದ್ದು ಬಿಳಿಯ ಹೊಗೆ. ಹಿರಿಯರಿಗೆ ಕಂಡದ್ದು ಮಗುವಿನ ನಗು.

ಅಜ್ಜಿಯ ಪ್ರಶ್ನೆಗಳಲ್ಲಿ ತಪ್ಪಿರಲಿಲ್ಲ. ಕೊರತೆಯಾದದ್ದು ಒಂದು ಪ್ರಶ್ನೆ. ಆ ಪ್ರಶ್ನೆಯನ್ನೂ ನಮ್ಮ ಆಚಾರ್ಯರು ನಮಗೆ ಕೊಟ್ಟೇ ಇದ್ದಾರೆ. ಪರಂಪರೆಯಲ್ಲಿ ಹೇಳಿರುವ 22 ಅಭಕ್ಷ್ಯಗಳ ಪಟ್ಟಿಯಲ್ಲಿ ಜೇನು, ಮದ್ಯ, ಮಾಂಸಗಳ ಜತೆಗೆ 'ಅಜ್ಞಾತ ಫಲ' ಎಂಬುದೂ ಸೇರಿದೆ. ಅಜ್ಞಾತ ಫಲವೆಂದರೆ ಹೆಸರು, ಗುಣ ತಿಳಿಯದ ಹಣ್ಣು. ಅದು ಕೆಟ್ಟದ್ದೆಂದು ಗೊತ್ತಾಗಿರುವುದರಿಂದ ಅದನ್ನು ಬಿಡಬೇಕೆಂದಲ್ಲ. ಏನೆಂದು ಗೊತ್ತಿಲ್ಲದಿರುವುದೇ ಬಿಡಲು ಸಾಕಾದ ಕಾರಣ.

ಈ ನಿಯಮದ ಬೆಲೆಯನ್ನು ವಂಕಚೂಲನ ಕಥೆ ತಿಳಿಸುತ್ತದೆ. ರಾಜಕುಮಾರನಾಗಿ ಹುಟ್ಟಿ ದಾರಿ ತಪ್ಪಿ ಕಳ್ಳರ ನಾಯಕನಾದ ವಂಕಚೂಲ ಮಳೆಗಾಲದಲ್ಲಿ ಮುನಿಗಳಿಗೆ ತನ್ನ ಹಳ್ಳಿಯಲ್ಲಿ ಆಶ್ರಯ ಕೊಡುತ್ತಾನೆ, ಆದರೆ ಉಪದೇಶ ಮಾಡಬಾರದೆಂಬ ಷರತ್ತಿನ ಮೇಲೆ. ಚಾತುರ್ಮಾಸ ಮುಗಿಸಿ ಹೊರಡುವ ಆಚಾರ್ಯರು ಬೀಳ್ಕೊಡಲು ಬಂದ ಅವನಿಗೆ ನಾಲ್ಕು ಸಣ್ಣ ನಿಯಮಗಳನ್ನು ಕೊಡುತ್ತಾರೆ. ಹೆಸರು ತಿಳಿಯದ ಹಣ್ಣನ್ನು ತಿನ್ನಬಾರದು ಎಂಬುದು ಅವುಗಳಲ್ಲೊಂದು. ಕಳ್ಳನಿಗೆ ಅದು ಹಗುರಾದ ನಿಯಮವಾಗಿ ತೋರುತ್ತದೆ. ಒಂದು ದಿನ ಕಾಡಿನಲ್ಲಿ ಹಸಿದು ಬಳಲಿದ ತಂಡದ ಕಣ್ಣಿಗೆ ಹಣ್ಣು ತುಂಬಿದ ಮರ ಬೀಳುತ್ತದೆ. ವಂಕಚೂಲ ಕೇಳುತ್ತಾನೆ, ಈ ಹಣ್ಣಿನ ಹೆಸರೇನು? ಯಾರಿಗೂ ಗೊತ್ತಿಲ್ಲ. ಅವನು ಹಸಿದೇ ಮಲಗುತ್ತಾನೆ. ತಿಂದ ಸಂಗಡಿಗರು ಮತ್ತೆ ಏಳುವುದಿಲ್ಲ. ಅದು ಕಿಂಪಾಕದ ಹಣ್ಣು. ನೋಡಲು ಚೆಂದ, ನಾಲಗೆಗೆ ಸಿಹಿ, ಜೀರ್ಣವಾಗುವಾಗ ಪ್ರಾಣಾಂತಿಕ. ಉತ್ತರಾಧ್ಯಯನ ಸೂತ್ರದಲ್ಲಿ ಇಂದ್ರಿಯಭೋಗಗಳಿಗೆ ಕೊಟ್ಟಿರುವ ಹೋಲಿಕೆಯೂ ಇದೇ ಹಣ್ಣು.

ವಂಕಚೂಲನ ಸಂಗಡಿಗರಿಗೆ ಅಪಾಯ ತಿಳಿದಿರಲಿಲ್ಲ. ತಿಳಿದಿದ್ದರೆ ಬಿಡುತ್ತಿದ್ದರೆ? ಹಾಗೆಂದು ಖಚಿತವಾಗಿ ಹೇಳಲಾಗದು. ಅಪಾಯ ಗೊತ್ತಿದ್ದೇ, ಕೆಲವೊಮ್ಮೆ ಅಪಾಯಕ್ಕಾಗಿಯೇ ತಿನ್ನುವವರು ಜಗತ್ತಿನಲ್ಲಿದ್ದಾರೆ. ಜಪಾನಿನ ಫುಗು ಇದಕ್ಕೆ ಪ್ರಸಿದ್ಧ ನಿದರ್ಶನ. ಶತ್ರು ಬಂದಾಗ ಮೈಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ಈ ಮೀನಿನ ಪಿತ್ತಜನಕಾಂಗ, ಅಂಡಾಶಯಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ಘೋರ ವಿಷವಿದೆ. ತಿಂದವರ ತುಟಿ ಮೊದಲು ಜೋಮು ಹಿಡಿಯುತ್ತದೆ, ಬಳಿಕ ಕೈಕಾಲು ಸೋಲುತ್ತವೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಎಷ್ಟೋ ವೇಳೆ ಅಲ್ಲಿಯವರೆಗೂ ಎಚ್ಚರ ಉಳಿದಿರುತ್ತದೆ. ಕೂಗಲು ದನಿ ಮಾತ್ರ ಇರುವುದಿಲ್ಲ. ಇದಕ್ಕೆ ಪ್ರತಿವಿಷವಿಲ್ಲ. ಕೃತಕ ಉಸಿರಾಟ ಕೊಟ್ಟು ವಿಷ ಇಳಿಯುವವರೆಗೆ ಕಾಯುವುದೊಂದೇ ಉಪಾಯ.

16ನೆಯ ಶತಮಾನದ ಕೊನೆಯಲ್ಲಿ ತೊಯೊತೊಮಿ ಹಿದೆಯೋಶಿ ಈ ಮೀನಿನ ಸೇವನೆಯನ್ನು ನಿಷೇಧಿಸಿದ. ಆದರೂ ಜನ ಗುಟ್ಟಾಗಿ ತಿಂದರು. 1888ರಲ್ಲಿ ಯಾಮಾಗುಚಿ ಪ್ರಾಂತ್ಯದಲ್ಲಿ ನಿಷೇಧ ಸಡಿಲವಾಯಿತು. ಇಂದು ಅಲ್ಲಿ ತರಬೇತಿ ಪಡೆದು ಪರವಾನಗಿ ಹೊಂದಿದ ಬಾಣಸಿಗರು ಮಾತ್ರ ಅದನ್ನು ಸೀಳಿ ಸ್ವಚ್ಛಗೊಳಿಸಬಹುದು. ಕಬುಕಿ ರಂಗಭೂಮಿಯ ಮಹಾನಟ, ಆ ದೇಶ ಜೀವಂತ ರಾಷ್ಟ್ರೀಯ ನಿಧಿಯೆಂದು ಗೌರವಿಸಿದ್ದ ಎಂಟನೆಯ ಬಂದೊ ಮಿತ್ಸುಗೊರೊ 1975ರಲ್ಲಿ ಕ್ಯೋಟೊ ನಗರದಲ್ಲಿ ತೀರಿಕೊಂಡರು. ಅವರು ತಿಂದದ್ದು ಫುಗುವಿನ ಪಿತ್ತಜನಕಾಂಗ, ಅದೂ ನಾಲ್ಕು ಪಾಲು. ಅದು ವಿಷವೆಂದು ಅವರಿಗೆ ಗೊತ್ತಿರಲಿಲ್ಲವೆನ್ನಲಾಗದು. ಅನಂತರ ಅದನ್ನು ಬಡಿಸುವುದನ್ನು ಆ ದೇಶ ಕಟ್ಟುನಿಟ್ಟಾಗಿ ನಿಷೇಧಿಸಿದೆ.

ಐದು ಇಂದ್ರಿಯಗಳಿಗೆ ವಶವಾಗಿ ಕೆಡುವ ಐದು ಜೀವಿಗಳ ಉದಾಹರಣೆಯನ್ನು ನಮ್ಮ ಹಿರಿಯರು ಮಕ್ಕಳಿಗೂ ಹೇಳಿಕೊಡುತ್ತಿದ್ದರು. ಸ್ಪರ್ಶಕ್ಕೆ ಆನೆ, ಗಂಧಕ್ಕೆ ದುಂಬಿ, ರೂಪಕ್ಕೆ ಪತಂಗ, ಶಬ್ದಕ್ಕೆ ಜಿಂಕೆ, ರುಚಿಗೆ ಮೀನು. ಗಾಳದ ತುದಿಯ ತುಣುಕಿಗೆ ಆಸೆಪಟ್ಟು ಮೀನು ಪ್ರಾಣ ಕಳೆದುಕೊಳ್ಳುತ್ತದೆ. ಫುಗುವಿನ ಕಥೆಯಲ್ಲಿ ಮೀನೇ ಗಾಳದ ತುಣುಕಾಗಿದೆ, ಸಿಕ್ಕಿಬಿದ್ದವನು ಮನುಷ್ಯ. ಮೀನಿಗೆ ಗಾಳ ಕಾಣುವುದಿಲ್ಲ. ಮನುಷ್ಯನಿಗೆ ಕಾಣುತ್ತದೆ, ಆದರೂ ಕಚ್ಚುತ್ತಾನೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ನುರಿತ ಬಾಣಸಿಗರ ಕೈಯಲ್ಲಿ ಫುಗು ಹೆಚ್ಚುಕಡಿಮೆ ನಿರಪಾಯಕರ. ಇಂದು ನಡೆಯುವ ಅವಘಡಗಳಲ್ಲಿ ಹೆಚ್ಚಿನವು ತಾವೇ ಹಿಡಿದು ಮನೆಯಲ್ಲಿ ಬೇಯಿಸಿಕೊಂಡವರವು. ಹಾಗೆಯೇ ಹೊಗೆ ಪೂರ್ತಿ ಆರಿದ ಮೇಲೆ ತಿಂದರೆ ಪಾನ್ ಕೂಡ ಬರಿಯ ಪಾನ್. ಅಪಾಯ ಅಷ್ಟು ಕಡಿಮೆಯಿರುವಾಗ ಧರ್ಮಕ್ಕೆ ಇದರಲ್ಲೇನು ಕೆಲಸ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಜೈನ ದೃಷ್ಟಿ ಅಪಾಯವನ್ನಷ್ಟೇ ಅಳೆಯುವುದಿಲ್ಲ, ಬಯಕೆಯನ್ನೂ ಅಳೆಯುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಘಾತಕ್ಕೆ ಮೂಲವಾದ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಮುಂದಿಡುತ್ತದೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಇನ್ನೂ ಒಳಗೆ ಹೋಗಿ, ರಾಗದ್ವೇಷಗಳಿಗೆ ವಶವಾದವನು ಪರರಿಗೆ ನೋವಾಗಲಿ ಆಗದಿರಲಿ, ಮೊದಲು ತನ್ನ ಆತ್ಮವನ್ನೇ ಘಾತಿಸಿಕೊಳ್ಳುತ್ತಾನೆ ಎಂಬ ಅರ್ಥದಲ್ಲಿ ವಿವರಿಸುತ್ತಾರೆ. ಬಾಣಸಿಗನ ಚಾಕು ಮೀನಿನ ವಿಷವನ್ನು ತೆಗೆಯಬಲ್ಲದು. ತಿನ್ನುವವನೊಳಗಿನ ರಾಗ ಅದಕ್ಕೆ ಎಟುಕುವುದಿಲ್ಲ.

ಜೈನ ಗೃಹಸ್ಥರಿಗೆ ಮೀನಿನ ಪ್ರಶ್ನೆಯೇ ಏಳುವುದಿಲ್ಲ, ಹಾಗಾಗಿ ಈ ಮಾತು ನಮಗಲ್ಲ ಎಂದು ನೆಮ್ಮದಿಪಡುವಂತೆಯೂ ಇಲ್ಲ. ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಎರಡನೆಯ ನಿಲ್ದಾಣ ಇಂದಿರಾನಗರ. ದೇಶವಿದೇಶಗಳ ತಿನಿಸುಗಳೆಲ್ಲ ಅಲ್ಲಿ ಸಿಗುತ್ತವೆ. ಅವುಗಳಲ್ಲಿ ಸಸ್ಯಾಹಾರವೂ ಧಾರಾಳವಾಗಿದೆ, ಕೇಳಿದರೆ ಈರುಳ್ಳಿ ಬೆಳ್ಳುಳ್ಳಿಯಿಲ್ಲದ 'ಜೈನ್' ಅಡುಗೆಯೂ ಇದೆ. ಪಟ್ಟಿಯಲ್ಲಿ ಆ ಪದವಿದ್ದರೆ ಮನಸ್ಸು ನಿರಾಳವಾಗುತ್ತದೆ. ಆದರೆ ತಟ್ಟೆ ಶುದ್ಧವಾದ ಮಾತ್ರಕ್ಕೆ ನಾಲಗೆಯನ್ನು ಗೆದ್ದಂತಾಗುವುದಿಲ್ಲ. ಆ ಬಾಲಕಿ ತಿಂದ ಪಾನ್‌ನಲ್ಲಿ ಮಾಂಸವಿರಲಿಲ್ಲ.

ಆ ಮಗುವಿನದು ತಪ್ಪಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮಲ್ಲಿ ಕರ್ಮವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ನೋಡುತ್ತಾರೆ: ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ವಿಚಾರಿಸದೆ ಪಟ್ಟಿಗೆ ಸೇರಿಸಿದವರು ಎರಡನೆಯದರಲ್ಲಿ, ಮಗುವಿನ ಬಾಯಿಂದ ಹೊಗೆ ಬರುವಾಗ ಚಪ್ಪಾಳೆ ತಟ್ಟಿ ಚಿತ್ರ ತೆಗೆದವರು ಮೂರನೆಯದರಲ್ಲಿ ಪಾಲುದಾರರು. ಯಾರಿಗೂ ಕೆಡುಕು ಮಾಡುವ ಉದ್ದೇಶವಿರಲಿಲ್ಲ. ಪ್ರಮಾದವೆಂದರೆ ಅದೇ.

ಇನ್ನು ಕೆಲವರು, ದೇಹ ನಶ್ವರವೆಂದು ಹೇಳುವ ಧರ್ಮ, ಸಲ್ಲೇಖನವನ್ನು ಗೌರವಿಸುವ ಧರ್ಮ ಪ್ರಾಣಭಯವನ್ನು ಏಕೆ ಬೋಧಿಸಬೇಕು ಎನ್ನಬಹುದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿಧಿ ಶಾಸನಗಳು ಸ್ಮರಿಸುವ ಮುನಿಗಳು, ಶ್ರಾವಕ ಶ್ರಾವಿಕೆಯರು ಆಯುಷ್ಯದ ಕೊನೆಯಲ್ಲಿ ಆಹಾರವನ್ನು ಹಂತಹಂತವಾಗಿ ಬಿಟ್ಟು, ಎಲ್ಲರ ಕ್ಷಮೆ ಕೋರಿ, ಪೂರ್ಣ ಎಚ್ಚರದಲ್ಲಿ ದೇಹ ತ್ಯಜಿಸಿದವರು. ಅವರು ಆಹಾರವನ್ನು ಬಿಟ್ಟರು. ಒಂದು ತುತ್ತಿಗಾಗಿ ದೇಹವನ್ನು ಪಣಕ್ಕಿಡುವುದು ಅದಕ್ಕೆ ನೇರ ವಿರುದ್ಧ. ದೇಹ ಧರ್ಮಸಾಧನೆಯ ಉಪಕರಣ. ಅದನ್ನು ಮುದ್ದಿಸಲೂ ಬೇಕಿಲ್ಲ, ಜೂಜಿಗಿಡಲೂ ಬಾರದು.

ಹಾಗಾದರೆ ಗೃಹಸ್ಥರು ಮಾಡಬೇಕಾದದ್ದೇನು? ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವೂ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಸಕ್ಕರೆ, ಉಪ್ಪು, ಇವುಗಳಲ್ಲಿ ಒಂದನ್ನು ವಾರದ ಒಂದು ದಿನ ಬಿಡುವ ರೂಢಿ ಅನೇಕ ಮನೆಗಳಲ್ಲಿ ಈಗಲೂ ಇದೆ. ಉಪ್ಪಿಲ್ಲದ ಅನ್ನವನ್ನು ಒಂದು ದಿನ ಸಮಾಧಾನದಿಂದ ಉಂಡವರಿಗೆ ನಾಲಗೆ ಒಡೆಯನಲ್ಲ, ಆಳು ಎಂಬುದು ಅನುಭವಕ್ಕೆ ಬರುತ್ತದೆ. ಮಕ್ಕಳಿಗೆ ಉಪವಾಸ ಹೇರಬೇಕಾಗಿಲ್ಲ. ಹೊಸದೊಂದು ತಿನಿಸು ಕೈಗೆ ಬಂದಾಗ ಬಾಯಿಗಿಡುವ ಮೊದಲು "ಇದು ಏನು?" ಎಂದು ಕೇಳುವುದನ್ನು ಕಲಿಸಿದರೆ ಸಾಕು. ಕಳ್ಳರ ನಾಯಕನಿಗೂ ಸಾಧ್ಯವಾದ ವ್ರತ ಅದು.

ಬೈಯಪ್ಪನಹಳ್ಳಿಯ ಆ ಮನೆಗೆ ಮರಳೋಣ. ಪಟ್ಟಿ ಇನ್ನೂ ಮುಗಿದಿಲ್ಲ. ಗೆಡ್ಡೆಗೆಣಸಿನ ಪ್ರಶ್ನೆಯ ಬಳಿಕ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳಲಿ: "ಆ ಹೊಗೆ ಯಾವುದರದು? ಮಗುವಿನ ಹೊಟ್ಟೆಗೆ ಹೋದರೆ ಏನಾಗುತ್ತದೆ?" ಗುತ್ತಿಗೆದಾರರಲ್ಲಿ ಉತ್ತರವಿಲ್ಲದಿದ್ದರೆ ಆ ಸಾಲನ್ನು ಹೊಡೆದುಹಾಕಿ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣಿನ ತಟ್ಟೆಯನ್ನು ಇರಿಸಲಿ. ಆರತಕ್ಷತೆಗೆ ಬಂದ ಮಕ್ಕಳು ಸುಖವಾಗಿ ಮನೆಗೆ ಮರಳಲಿ.