ಸಾಹುಕಾರ್ರೇ, ಆ ಒಂದು ಹಾಳಿ ಬರ್ದು ಕೊಡ್ರಿ: ಹೊರಗಿಂದ ಬಂದ ಕಾರ್ಮಿಕರ ವಾಸದ ದಾಖಲೆ ಮತ್ತು ನಮ್ಮ ಮಾಲೀಕರ ಅಂಜಿಕೆ

ಶಹಾಪುರ: ಮೊನ್ನೆ ಸಂಜೆ ಸುದ್ದಿ ಕಳಿಸಲಿಕ್ಕೆ ಅಂತ ಒಂದು ನೆಟ್ ಸೆಂಟರಿಗೆ ಹೋಗಿದ್ದೆ. ನನ್ನ ಮುಂದೆ ಪಾಳಿಯಲ್ಲಿ ಬಿಹಾರದ ಒಬ್ಬ ಹುಡುಗ ನಿಂತಿದ್ದ. ಹತ್ತಿ ಮಿಲ್ಲಿನಲ್ಲಿ ಕೆಲಸ. ಮೂರು ವರ್ಷದಿಂದ ಇಲ್ಲೇ ಇದ್ದಾನೆ, ಹೆಂಡತಿ ಮತ್ತು ಸಣ್ಣ ಮಗಳು ಜೊತೆಗಿದ್ದಾರೆ. ಆಧಾರ್ ಕಾರ್ಡಿನಲ್ಲಿ ಶಹಾಪುರದ ಅಡ್ರೆಸ್ ಹಾಕಿಸಬೇಕಿತ್ತು. ಸೆಂಟರಿನವರು ಕೇಳಿದ್ದು ಒಂದೇ ಮಾತು: "ಇಲ್ಲೇ ಇರ್ತೀ ಅನ್ನೋದಕ್ಕ ಪ್ರೂಫ್ ಏನದ?" ಅವನ ಹತ್ತಿರ ಏನೂ ಇರಲಿಲ್ಲ. ಮಾಲೀಕರ ಹತ್ತಿರ ಬರೆಸಿಕೊಂಡು ಬಾ ಅಂದರು. "ಅವರು ಕೊಡೋದಿಲ್ಲ" ಅಂತ ಹಿಂದಿಯಲ್ಲಿ ಹೇಳಿ ಹುಡುಗ ಹೊರಗೆ ನಡೆದ.

ಇದು ಅವನೊಬ್ಬನ ಕಥೆ ಅಲ್ಲ. ಯಾದಗಿರಿ, ಶಹಾಪುರ, ಸುರಪುರದಲ್ಲಿ ಜಿನ್ನಿಂಗ್ ಮಿಲ್ಲು, ರೈಸ್ ಮಿಲ್ಲು, ಹೋಟೆಲ್ಲು, ಟೈಲ್ಸ್ ಕೆಲಸ, ಪಾನಿಪುರಿ ಬಂಡಿ ಎಲ್ಲಿ ನೋಡಿದರೂ ಬೇರೆ ರಾಜ್ಯದ ಹುಡುಗರು ಸಿಗುತ್ತಾರೆ. ಅದೇ ಹೊತ್ತಿಗೆ ನಮ್ಮ ತಾಂಡಾ, ನಮ್ಮ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಬರೋ ಹೊತ್ತಿಗೆ ನಿಂತು ನೋಡ್ರಿ, ತಿಳೀತದ. ಹೋಗುವವರಿಗೂ ಬರುವವರಿಗೂ ತ್ರಾಸು ಒಂದೇ: ನಾನು ಈಗ ಎಲ್ಲಿ ಇದ್ದೀನಿ ಅನ್ನೋದಕ್ಕೆ ಹಾಳಿ ಮೇಲೆ ಸಾಕ್ಷಿ ಇಲ್ಲ.

ಪರವಾನಗಿ ಬೇಡ, ಪುರಾವೆ ಬೇಕು

ಸೌದಿ, ದುಬೈಗೆ ಹೋದವರ ಮನೆಯವರಿಗೆ ಇದು ಗೊತ್ತು. ಅಲ್ಲಿ ಇರಬೇಕಂದ್ರ ಮಾಲೀಕನೇ ವೀಸಾ ಮಾಡಿಸಬೇಕು. ನಮ್ಮ ದೇಶದೊಳಗೆ ಆ ಮಾತೇ ಇಲ್ಲ. ಸಂವಿಧಾನದ 19ನೇ ವಿಧಿ ಪ್ರಕಾರ ಭಾರತದ ಪ್ರಜೆ ದೇಶದ ಯಾವ ಮೂಲೆಯಲ್ಲಾದರೂ ಇರಬಹುದು, ನೆಲೆಸಬಹುದು. ಬಿಹಾರದವನು ಶಹಾಪುರದಲ್ಲಿ ಇರಲಿಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಆದರೆ ಕಾಗದದಲ್ಲಿ ಇರೋ ಹಕ್ಕು ಕೌಂಟರಿನಲ್ಲಿ ಸಿಗೋದಿಲ್ಲ. ಕೌಂಟರಿನವರಿಗೆ ಬೇಕಾಗಿರೋದು ಪುರಾವೆ. ಸ್ವಂತ ಮನೆ ಇಲ್ಲ, ಕರೆಂಟ್ ಬಿಲ್ ಇಲ್ಲ, ಮಲಗೋದು ಮಿಲ್ಲಿನ ಶೆಡ್ಡಿನಲ್ಲಿ, ಇಲ್ಲಾ ಅಂಗಡಿ ಹಿಂದಿನ ಖೋಲಿಯಲ್ಲಿ. ಅವನು ಅಲ್ಲಿ ಇದ್ದಾನೆ ಅಂತ ಖಾತ್ರಿಯಾಗಿ ಹೇಳಬಲ್ಲವರು ಮಾಲೀಕರು ಮಾತ್ರ. ಕಾನೂನು ಕೇಳದಿದ್ದರೂ ನಮ್ಮಲ್ಲೂ ಕೀಲಿಕೈ ಮಾಲೀಕರ ಕೈಯಲ್ಲೇ ಅದ.

ಯಾವುದಕ್ಕೆ ಏನು ಬೇಕು

ಮೊದಲು, ಅಡ್ರೆಸ್ ಪ್ರೂಫ್ ಇಲ್ಲದೆನೂ ಆಗುವ ಕೆಲಸ ಹೇಳಿಬಿಡ್ತೀನಿ. ಇವಕ್ಕೂ ಜನ ಸುಮ್ಮನೆ ಅಲೆದಾಡತಾರ.

ರೇಷನ್: ಬೇರೆ ರಾಜ್ಯದ ಕಾರ್ಡ್ ಇದ್ದರೂ 'ಒಂದು ದೇಶ ಒಂದು ಪಡಿತರ ಚೀಟಿ' ಯೋಜನೆಯಲ್ಲಿ ಇಲ್ಲಿನ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ತಗೋಬಹುದು. ಊರಿನ ಕಾರ್ಡ್ ರದ್ದು ಮಾಡಿಸಬೇಕಿಲ್ಲ. ನಮ್ಮ ಗುಳೆ ಜನಕ್ಕೂ ಬೇರೆ ಊರಿನಲ್ಲಿ ಇದೇ ಅನುಕೂಲ ಇದೆ.

ಶಾಲೆ: ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಮಗುವಿಗೆ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.

ಗ್ಯಾಸ್: 2021ರ ಆಗಸ್ಟಿನಲ್ಲಿ ಬಂದ ಉಜ್ವಲಾ 2.0ರಲ್ಲಿ ವಲಸೆ ಕುಟುಂಬಗಳಿಗೆ ಅಡ್ರೆಸ್ ಪ್ರೂಫ್ ಬದಲು ಸ್ವಯಂ ಘೋಷಣೆ ಸಾಕು ಅಂತ ಮಾಡಿದ್ದರು.

ಇ-ಶ್ರಮ್ ಕಾರ್ಡ್: ಇದೂ 2021ರ ಆಗಸ್ಟಿನಲ್ಲಿ ಶುರುವಾಯಿತು. ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ಇದ್ದರೆ ಕಾರ್ಮಿಕನೇ ಮಾಡಿಕೊಳ್ಳಬಹುದು.

ಇನ್ನು ಮಾಲೀಕರ ಹಾಳಿ ಕೆಲಸಕ್ಕೆ ಬರೋ ಕಡೆ.

ಆಧಾರ್ ಅಡ್ರೆಸ್: ಮಾಲೀಕರು ಹಂಗೇ ಚೀಟಿ ಬರೆದರೆ ಸಾಕಾಗೋದಿಲ್ಲ. ಬಾಡಿಗೆ ಕರಾರು ಪತ್ರ ಬೇಕು, ಇಲ್ಲವಾದರೆ ಆಧಾರ್‌ನವರ ನಮೂನೆಯಲ್ಲಿ ಗೆಜೆಟೆಡ್ ಅಧಿಕಾರಿ, ಶಾಸಕರು ಅಥವಾ ನಗರಸಭೆ ಸದಸ್ಯರು ಸಹಿ ಮಾಡಿದ ಪ್ರಮಾಣಪತ್ರ ಬೇಕು. ಗುರುತಿಲ್ಲದ ಹುಡುಗನಿಗೆ ಅವರಾದರೂ ಹೆಂಗ ಸಹಿ ಮಾಡ್ತಾರ? ಮಾಲೀಕರ ಹಾಳಿ ಇದ್ದರೆ, ಮಾಲೀಕರೇ ಒಂದು ಫೋನ್ ಮಾಡಿದರೆ ಮಾತು ಬೇರೆ.

ನಾಡಕಚೇರಿಯ ವಾಸಸ್ಥಳ ದೃಢೀಕರಣ: ಅರ್ಜಿ ಹಾಕಿದ ಮೇಲೆ ಗ್ರಾಮ ಆಡಳಿತ ಅಧಿಕಾರಿ, ರೆವಿನ್ಯೂ ಇನ್‌ಸ್ಪೆಕ್ಟರ್ ವರದಿ ಕೊಡಬೇಕು, ಆಮೇಲೆ ತಹಸೀಲ್ದಾರ್ ಸಹಿ. ವಿಚಾರಣೆಗೆ ಬಂದವರ ಮುಂದೆ "ಹೌದ್ರಿ, ಈತ ಇಲ್ಲೇ ಇರ್ತಾನ" ಅಂತ ಹೇಳೋರು ಒಬ್ಬರು ಬೇಕು.

ಕಟ್ಟಡ ಕಾರ್ಮಿಕರ ಕಾರ್ಡ್: 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಅದಕ್ಕೆ ಉದ್ಯೋಗ ಪ್ರಮಾಣಪತ್ರ ಬೇಕು. ಅಂಗಡಿ ಮೇಲೆ ಎರಡನೇ ಅಂತಸ್ತು ಕಟ್ಟಿಸೋ ಅಣ್ಣಾರ, ಈ ಲೆಕ್ಕದಲ್ಲಿ ನೀವೂ ಮಾಲೀಕರೇ.

ವೋಟರ್ ಪಟ್ಟಿ: 1950ರ ಜನಪ್ರತಿನಿಧಿ ಕಾಯ್ದೆ ಕೇಳೋದು "ಸಾಮಾನ್ಯವಾಗಿ ಎಲ್ಲಿ ವಾಸ" ಅಂತ. ಸೀಸನ್ನಿಗೆ ಎರಡು ತಿಂಗಳು ಬಂದು ಹೋಗುವವರಿಗೆ ಇದು ಸಂಬಂಧಿಸಿದ್ದಲ್ಲ, ಅವರ ವೋಟು ಊರಲ್ಲೇ ಇರಲಿ. ಹೆಂಡತಿ ಮಕ್ಕಳ ಸಮೇತ ನೆಲೆಸಿದವರು ಇಲ್ಲಿ ಹೆಸರು ಹಾಕಿಸಬಹುದು, ಆದರೆ ಎರಡು ಕಡೆ ಹೆಸರು ಇರುವಂತಿಲ್ಲ. ಬಿಹಾರದಲ್ಲಿ 2025ರಲ್ಲಿ ಪಟ್ಟಿ ಪರಿಷ್ಕರಣೆ ಆದಾಗ ಆಗಸ್ಟ್ 1ರ ಕರಡಿನಿಂದ ಸುಮಾರು 65 ಲಕ್ಷ ಹೆಸರು ಹೊರಗೆ ಉಳಿದವು. ಸತ್ತವರು, ಎರಡು ಕಡೆ ಹೆಸರಿದ್ದವರ ಜೊತೆಗೆ "ಊರು ಬಿಟ್ಟವರು" ಅನ್ನೋದೂ ಒಂದು ದೊಡ್ಡ ಕಾರಣ. ಅಲ್ಲಿ ಹೆಸರು ಹೋಗಿ ಇಲ್ಲೂ ಸೇರದಿದ್ದರೆ ಆ ಮನುಷ್ಯ ಎಲ್ಲಿಯವನು?

ಮಾಲೀಕರು ಯಾಕ ಅಂಜತಾರ

ನಾಲ್ಕೈದು ಜನ ಅಂಗಡಿ, ಮಿಲ್ಲಿನವರನ್ನ ಮಾತಾಡಿಸಿದೆ. ಕೆಟ್ಟ ಮಂದಿ ಅಲ್ಲ. ಹಬ್ಬಕ್ಕೆ ಬಟ್ಟೆ ಕೊಡಿಸತಾರ, ಜ್ವರ ಬಂದ್ರ ದವಾಖಾನೆಗೆ ಕರಕೊಂಡು ಹೋಗತಾರ. ಸಹಿ ಅಂದ ಕೂಡಲೇ ಹಿಂದೆ ಸರಿಯತಾರ. ಕಾರಣ ನಾಲ್ಕು.

ಒಂದು, "ನಾಳೆ ಅವ ಏನರ ಮಾಡಿದ್ರ ನನ್ನ ಕೊಳ್ಳಿಗೆ ಬರ್ತದ." ಈತ ಇಂಥ ದಿನದಿಂದ ನಮ್ಮಲ್ಲಿ ಕೆಲಸ ಮಾಡುತ್ತಾನೆ, ಇಲ್ಲಿ ವಾಸ ಇದ್ದಾನೆ ಅಂತ ಬರೆಯೋದು ಜಾಮೀನು ಅಲ್ಲ, ಇದ್ದ ಸಂಗತಿ ಅಷ್ಟೇ. ತಪ್ಪಾಗೋದು ಸುಳ್ಳು ಬರೆದಾಗ. ಹಾಳಿ ಜೊತೆಗೆ ಅವನ ಗುರುತಿನ ಚೀಟಿ ಝೆರಾಕ್ಸ್, ಊರಿನ ಫೋನ್ ನಂಬರ್ ನಿಮ್ಮ ಹತ್ತಿರ ಇಟ್ಟುಕೊಂಡು ಠಾಣೆಗೂ ಮಾಹಿತಿ ಕೊಟ್ಟರೆ ನಿಮಗೇ ಧೈರ್ಯ.

ಎರಡು, "ಬಾಡಿಗೆ ಕರಾರು ಮಾಡಿದ್ರ ಖೋಲಿ ಬಿಡಂಗಿಲ್ಲ." ಕರಾರು ಮಾಡಿದ ಮಾತ್ರಕ್ಕೆ ಖೋಲಿ ಅವನದಾಗೋದಿಲ್ಲ. 11 ತಿಂಗಳ ಕರಾರು ಊರೆಲ್ಲ ಮಾಡತದ. ಎಷ್ಟು ಬಾಡಿಗೆ, ಯಾವಾಗ ಖಾಲಿ ಮಾಡಬೇಕು ಅಂತ ಬರೆದಿರೋದು ಬಾಯಿ ಮಾತಿಗಿಂತ ಮಾಲೀಕರಿಗೇ ಗಟ್ಟಿ.

ಮೂರು, "ಕಾಗದಪತ್ರ ಕೈಗೆ ಬಂದ್ರ ಬೇರೆ ಕಡೆ ಓಡಿ ಹೋಗತಾನ." ಇದಕ್ಕೆ ಕೆಲವರು ಒರಿಜಿನಲ್ ಆಧಾರ್ ಕಾರ್ಡನ್ನೇ ಗಲ್ಲಾ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳತಾರ. ಇದು ಬಹಳ ತಪ್ಪು. ಮುಂಗಡ ಕೊಟ್ಟು, ಕಾರ್ಡ್ ಹಿಡಿದಿಟ್ಟು, ಹೋಗಲಿಕ್ಕೆ ಬಿಡದಿದ್ದರೆ 1976ರ ಜೀತ ಪದ್ಧತಿ ರದ್ದು ಕಾಯ್ದೆಯಡಿ ಕೇಸ್ ಆಗಬಹುದು.

ನಾಲ್ಕನೇದು ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ಹಾಳಿ ಕೊಟ್ಟರೆ ಅವನು ನಮ್ಮ ಕೆಲಸಗಾರ ಅಂತ ಒಪ್ಪಿಕೊಂಡಂಗ. ಆಮೇಲೆ ಕನಿಷ್ಠ ಕೂಲಿ, ಪಿಎಫ್, ಇಎಸ್‌ಐ ಲೆಕ್ಕ ಬರುತ್ತದೆ. ಅಸಲಿ ಅಂಜಿಕೆ ಇದೇ ಅಂತ ನನಗನಿಸುತ್ತದೆ. ಆದರೆ ಆ ಹೊಣೆ ಹಾಳಿಯಿಂದ ಹುಟ್ಟೋದಿಲ್ಲ, ಅವನು ಕೆಲಸಕ್ಕೆ ಸೇರಿದ ದಿನವೇ ಹುಟ್ಟಿರುತ್ತದೆ. ಪಿಎಫ್ ಸಾಮಾನ್ಯವಾಗಿ 20 ಜನ, ಇಎಸ್‌ಐ 10 ಜನ ಇದ್ದ ಕಡೆ ಅನ್ವಯ. ಮೂರು ಹುಡುಗರನ್ನ ಇಟ್ಟುಕೊಂಡ ಚಹಾದ ಹೋಟೆಲಿನವರು ಇದಕ್ಕೆ ಅಂಜೋ ಕಾರಣವೇ ಇಲ್ಲ.

ದೊಡ್ಡ ಮಿಲ್ಲಿನವರಿಗೆ ಈಗ ತಪ್ಪಿಸಿಕೊಳ್ಳೋ ದಾರಿಯೂ ಇಲ್ಲ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆ ಜಾರಿಗೆ ಬಂದಿವೆ. ಅದರಲ್ಲಿ ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯದ ಸಂಹಿತೆ ಪ್ರಕಾರ 10 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಜಾಗಕ್ಕೂ ಇದೇ ಬಂದಿದೆ. ಹಳೇ ಕಾಯ್ದೆ ಗುತ್ತೇದಾರರ ಮೂಲಕ ಬಂದವರಿಗೆ ಮಾತ್ರ ಇತ್ತು. ಹೊಸದರಲ್ಲಿ ತಾನಾಗಿ ರೈಲು ಹತ್ತಿ ಬಂದವನೂ ವಲಸೆ ಕಾರ್ಮಿಕನೇ. ಒಂದು ಕೊರತೆಯೂ ಇದೆ: ಮೊದಲು ಐದು ಜನ ವಲಸೆ ಕಾರ್ಮಿಕರಿದ್ದರೆ ಕಾನೂನು ಬರುತ್ತಿತ್ತು, ಈಗ ಹತ್ತು ಜನ ಇರಬೇಕು. ಅಂದರೆ ಸಣ್ಣ ಅಂಗಡಿಯ ಹುಡುಗನಿಗೆ ಉಳಿದಿರೋದು ಮಾಲೀಕರ ಮನಸ್ಸು ಮಾತ್ರ.

ನಾನೂ ಆ ಕಡೆ ನಿಂತು ಬಂದಾವ

ಡಿಗ್ರಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟ ಮೇಲೆ ನಮ್ಮ ಕಾಕಾನ ಗುಂಪಿನ ಜೊತೆ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದೆ. ಏಳು ತಿಂಗಳು ಇದ್ದೆ. ಕಾಕಾನ ಕಾರ್ಮಿಕ ಕಾರ್ಡ್ ನವೀಕರಣಕ್ಕೆ 90 ದಿನದ ಪ್ರಮಾಣಪತ್ರ ಬೇಕಿತ್ತು. ನಮ್ಮ ಗುತ್ತೇದಾರ ಇವತ್ತು, ನಾಳೆ ಅಂತ ಎರಡು ತಿಂಗಳು ಎಳೆದು ಕಡೆಗೆ ಫೋನ್ ಎತ್ತೋದೇ ಬಿಟ್ಟ. ಕಾರ್ಡ್ ಲ್ಯಾಪ್ಸ್ ಆಯಿತು. ಆ ವರ್ಷ ಕಾಕಾನ ಮಗಳ ಮದುವೆ. ಮಂಡಳಿಯಿಂದ ಸಿಗುವ ಮದುವೆ ಸಹಾಯಧನಕ್ಕೆ ಅರ್ಜಿ ಹಾಕಲಿಕ್ಕೂ ಆಗಲಿಲ್ಲ. ಕಾಕಾ ಬಡ್ಡಿಗೆ ಸಾಲ ತಂದ. ಒಂದು ಸಹಿಯ ಬೆಲೆ ಎಷ್ಟು ಅನ್ನೋದು ನನಗೆ ಅವತ್ತು ತಿಳೀತು.

ಇನ್ನೊಂದು ಮಾತು ಮರೀಬಾರದು. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ "ಬಾಂಗ್ಲಾದವರು" ಅನ್ನೋ ಅನುಮಾನದ ಮೇಲೆ ಜೋಪಡಿ ಕೆಡವಿದರು. ಅಲ್ಲಿ ಇದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿ ಜನರೂ ಇದ್ದರು. ವಿಷಯ ಹೈಕೋರ್ಟಿನವರೆಗೂ ಹೋಯಿತು. ನಮ್ಮವರೇ ನಮ್ಮ ರಾಜಧಾನಿಯಲ್ಲಿ ಹೊರಗಿನವರಾದರು. ಇಲ್ಲಿನ ಬಿಹಾರದ ಹುಡುಗನನ್ನ ಅನುಮಾನದಿಂದ ನೋಡೋ ಮೊದಲು ಇದನ್ನ ಒಮ್ಮೆ ನೆನಸಬೇಕು.

371(ಜೆ) ಸರ್ಟಿಫಿಕೇಟಿಗೆ ಓಡಾಡಿದ ನಮ್ಮ ಮನೆಗಳಿಗೆ ವಾಸ ತೋರಿಸೋದು ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಿಲ್ಲ. ಹುಟ್ಟಿದ್ದು ಎಲ್ಲಿ, ವಾಸ ಎಲ್ಲಿ, ಎರಡಕ್ಕೂ ಹಾಳಿ ಬೇಕು. ಅದಕ್ಕೇ ಕಾರ್ಮಿಕರ ಮನೆಯಲ್ಲಿ ಇಲ್ಲಿ ಮಗು ಹುಟ್ಟಿದರೆ 21 ದಿನದೊಳಗೆ ಜನನ ನೋಂದಣಿ ಆಗೋ ಹಂಗ ನೋಡ್ರಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ವೋಟರ್ ಪಟ್ಟಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಅಪ್ಪನಿಗೆ ಹಾಳಿ ಸಿಗದಿದ್ದರೂ ಮಗಳಿಗಾದರೂ ಸಿಗಲಿ.

ಹಾಳಿ ಮ್ಯಾಲ ಏನು ಬರಿಬೇಕು

ಬಹಳ ಏನಿಲ್ಲ. ಅಂಗಡಿ ಅಥವಾ ಮಿಲ್ಲಿನ ಲೆಟರ್ ಹೆಡ್. ಕಾರ್ಮಿಕನ ಹೆಸರು, ತಂದೆ ಹೆಸರು, ಊರು. ಯಾವ ತಾರೀಖಿನಿಂದ ಕೆಲಸ, ಏನು ಕೆಲಸ. ಎಲ್ಲಿ ಮಲಗುತ್ತಾನೆ: ವಾರ್ಡ್ ನಂಬರ್, ಓಣಿ, ಕಟ್ಟಡದ ಹೆಸರು ಸಮೇತ. ಫೋಟೋ ಅಂಟಿಸಿ, ತಾರೀಖು ಹಾಕಿ, ಸಹಿ, ಸೀಲು. ಒಂದು ಪ್ರತಿ ನಿಮ್ಮ ಫೈಲಿನಲ್ಲಿ ಇರಲಿ. ಜೊತೆಗೆ ಹಾಜರಿ ಪುಸ್ತಕ ಇಡ್ರಿ, ಪಗಾರ ಸಾಧ್ಯವಾದಷ್ಟು ಬ್ಯಾಂಕ್ ಖಾತೆಗೆ ಹಾಕ್ರಿ. ಹಾಳಿಗೆ ಬಲ ಬರೋದು ಇವುಗಳಿಂದ.

ಬರೆಯಬಾರದ್ದೂ ಇದೆ. ಕೆಲಸ ಮಾಡದವರಿಗೆ 90 ದಿನ ಅಂತ ಬರೆಯಬೇಡ್ರಿ. ಎರಡು ತಿಂಗಳಾದವನಿಗೆ ಎರಡು ವರ್ಷ ಅನ್ನಬೇಡ್ರಿ. ಈತ ಭಾರತದ ಪ್ರಜೆ ಅಂತಲೂ ಬರೆಯಬೇಡ್ರಿ, ಅದು ನಿಮ್ಮ ಕೆಲಸ ಅಲ್ಲ. ಆಧಾರ್ ಕೂಡ ಪೌರತ್ವದ ದಾಖಲೆ ಅಲ್ಲ ಅಂತ ಕಾನೂನೇ ಹೇಳುತ್ತದೆ. ಕಣ್ಣಿಗೆ ಕಂಡಿದ್ದು, ಪುಸ್ತಕದಲ್ಲಿ ಇದ್ದದ್ದು ಮಾತ್ರ ಬರೀರಿ. ಬೋಗಸ್ ಕಾರ್ಡ್ ಮಾಡಿಸಿಕೊಂಡವರಿಂದ ಅಸಲಿ ಕಾರ್ಮಿಕನಿಗೂ ಬಾಗಿಲು ಮುಚ್ಚತದ.

ವರ್ತಕರ ಸಂಘಗಳು ಒಂದು ನಮೂನೆ ಮಾಡಿ ಎಲ್ಲ ಅಂಗಡಿಗೂ ಹಂಚಿದರೆ ಒಬ್ಬೊಬ್ಬರೇ ಅಂಜೋದು ತಪ್ಪುತ್ತದೆ. ನಗರಸಭೆ ಸದಸ್ಯರು ತಿಂಗಳಿಗೆ ಒಂದು ದಿನ ತಮ್ಮ ವಾರ್ಡಿನಲ್ಲಿ ಕುಂತು ಇಂಥ ಹಾಳಿ ನೋಡಿ ಸಹಿ ಮಾಡಿಕೊಡಬಹುದು. ದುಡ್ಡು ಬೇಡ, ಯೋಜನೆ ಬೇಡ, ಬೆಂಗಳೂರಿನ ಆದೇಶಕ್ಕೂ ಕಾಯಬೇಕಿಲ್ಲ.

ನೆಟ್ ಸೆಂಟರಿನ ಆ ಹುಡುಗ ನಿನ್ನೆ ಮತ್ತೆ ಸಿಕ್ಕಿದ್ದ. ಆಯ್ತಾ ಅಂತ ಕೇಳಿದೆ. ಇನ್ನೂ ಆಗಿಲ್ಲ ಅಂದ. ಮಗಳು ಮಾತ್ರ ನನ್ನ ಜೊತೆ ಚೊಕ್ಕ ಶಹಾಪುರದ ಕನ್ನಡದಲ್ಲಿ ಮಾತಾಡಿದಳು. ಅವಳು ಈ ಊರಿನವಳು ಅಂತ ಓಣಿಗೆಲ್ಲ ಗೊತ್ತದ. ಕಚೇರಿಗೆ ಗೊತ್ತಾಗಬೇಕಂದ್ರ ಅವಳ ಅಪ್ಪನ ಸಾಹುಕಾರ್ರು ಪೆನ್ನು ಹಿಡಿಬೇಕು.