ವಿಮಾನವೂ ದಾರಿ ಬಿಡುವ ಮುಗಿಲು

ಯುಗಾದಿ ಕಳೆದು ಬೇವಿನ ಹೂ ಉದುರುವ ಹೊತ್ತಿಗೆ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಸೀಮೆಯ ಜನರ ದೃಷ್ಟಿ ಮುಗಿಲಿನತ್ತ ತಿರುಗುತ್ತದೆ. ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಕಾಲ. ಭರಣಿ ಸುರಿದರೆ ಧರಣಿ ಬೆಳೆಯುವುದೆಂಬ ಹಿರಿಯರ ಮಾತನ್ನು ನಂಬಿ ರೈತನು ರಂಟೆ ಕುಂಟೆಗಳನ್ನು ಸಜ್ಜುಗೊಳಿಸುತ್ತಾನೆ. ಆದರೆ ಈ ಮಳೆಗಳು ಆಷಾಢದ ಜಿಟಿಜಿಟಿ ಮಳೆಯಂತಲ್ಲ. ಗುಡುಗು, ಸಿಡಿಲು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲುಗಳನ್ನೂ ಜೊತೆಗೂಡಿಸಿಕೊಂಡು ಬರುವವು. ಆದುದರಿಂದ ಈ ತಿಂಗಳು ಅವುಗಳ ಸ್ವರೂಪವನ್ನು ಕುಟುಂಬದ ಎಲ್ಲರಿಗೂ ತಿಳಿಯುವಂತೆ ವಿವರಿಸಬೇಕೆಂದು ನಾವು ಬಯಸಿದ್ದೇವೆ.

ಹಗಲೆಲ್ಲ ಕಾದ ನೆಲವು ತನ್ನ ಮೇಲಣ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ಅದೇ ಹೊತ್ತಿಗೆ ಅರಬ್ಬಿ ಸಮುದ್ರದ ತೇವಗಾಳಿ ಸಹ್ಯಾದ್ರಿಯನ್ನು ದಾಟಿ ಬಂದರೆ, ಮುಂಜಾನೆ ನಿರ್ಮಲವಾಗಿದ್ದ ಆಕಾಶದಲ್ಲಿ ಮಧ್ಯಾಹ್ನದ ಹೊತ್ತಿಗೆ ಹತ್ತಿಯ ರಾಶಿಯಂತಹ ಮೋಡಗಳು ಎದ್ದು ನಿಲ್ಲುತ್ತವೆ. ಸಾಯಂಕಾಲಕ್ಕೆ ಅವೇ ಗುಡುಗುಮೋಡಗಳಾಗುತ್ತವೆ. ಹಾನಗಲ್ಲ ಅರೆಮಲೆನಾಡಾದುದರಿಂದ ಆ ತೇವ ಅಲ್ಲಿಗೆ ಬೇಗ ತಲುಪುತ್ತದೆ. ಬಯಲಿನ ಸವಣೂರಿಗೆ ಅನೇಕ ವೇಳೆ ದೂಳು ಮೊದಲು, ಮಳೆ ಆಮೇಲೆ. ಒಂದೂರಿನ ಹಳ್ಳ ತುಂಬಿ ಹರಿದರೂ ನೆರೆಯೂರಿನ ನೆಲ ನೆನೆಯದಿರುವುದು ಈ ಮಳೆಯ ಸ್ವಭಾವ.

ಹವಾಮಾನ ಇಲಾಖೆಯ ಮಾತನ್ನೂ ಹೀಗೆಯೇ ಅರಿಯಬೇಕು. 'ಅಲ್ಲಲ್ಲಿ ಮಳೆ' ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ; 'ಕೆಲವೆಡೆ' ಎಂದರೆ ಶೇ. 26ರಿಂದ 50, 'ಹಲವೆಡೆ' ಎಂದರೆ ಶೇ. 51ರಿಂದ 75. 'ಅಲ್ಲಲ್ಲಿ' ಎಂಬ ಮಾತು ಕೇಳಿ ಹಗುರವಾಗಿ ಎಣಿಸುವವರುಂಟು. ಅದು ಮಳೆ ಬೀಳುವ ಸ್ಥಳಗಳ ಲೆಕ್ಕವೇ ಹೊರತು ಸಿಡಿಲಿನ ಬಲದ ಲೆಕ್ಕವಲ್ಲ.

ಆ ಬಲವನ್ನು ಚೆನ್ನಾಗಿ ಬಲ್ಲವರು ವಿಮಾನ ನಡೆಸುವವರು. ನಮ್ಮ ಸೀಮೆಯ ಮೇಲೆ ಹಾದು ಹುಬ್ಬಳ್ಳಿಗೆ ಇಳಿಯುವ ವಿಮಾನಗಳಿಗೆ ಈ ಋತುವಿನಲ್ಲಿ ಮುಂಜಾನೆಯ ಹಾರಾಟ ಸಾಮಾನ್ಯವಾಗಿ ಸುಗಮ. ಮಧ್ಯಾಹ್ನ ಕಾದ ಗಾಳಿಯಿಂದ ಕುಲುಕಾಟ. ಸಂಜೆ ಗುಡುಗುಮೋಡದ ಭಯ. ದೊಡ್ಡ ವಿಮಾನಗಳು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಹಾರಿದರೆ, ಬಲಿತ ಗುಡುಗುಮೋಡದ ನೆತ್ತಿ 15 ಕಿಲೋಮೀಟರನ್ನೂ ಮೀರಬಹುದು. ಅದರೊಳಗೆ ಮೇಲಕ್ಕೆ ಸೆಳೆಯುವ ಗಾಳಿಯೂ ಉಂಟು, ಕೆಳಕ್ಕೆ ಅಪ್ಪಳಿಸುವ ಗಾಳಿಯೂ ಉಂಟು. ಆದುದರಿಂದ ಪೈಲಟರು ತೀವ್ರವಾದ ಮೋಡವನ್ನು ರಾಡಾರಿನಲ್ಲಿ ಕಂಡು 30 ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಳಸಿ ಹೋಗುತ್ತಾರೆ. ನಿಲ್ದಾಣದ ಮೇಲೆಯೇ ಅದು ನಿಂತಿದ್ದರೆ ಸುತ್ತುತ್ತ ಕಾಯುತ್ತಾರೆ, ಇಲ್ಲವೆ ಬೇರೊಂದು ನಿಲ್ದಾಣಕ್ಕೆ ತೆರಳುತ್ತಾರೆ. 2019ರಲ್ಲಿ 'ವರ್ಷಧಾರೆ' ಯೋಜನೆಯ ವಿಮಾನ ಮೋಡಬಿತ್ತನೆಗಾಗಿ ಹುಬ್ಬಳ್ಳಿಯಿಂದ ಹಾರಿತ್ತು. ಹೀಗೆ ಮೋಡವನ್ನೇ ಅರಸಿ ಹೋಗುವ ವಿಮಾನಗಳೂ ಬೆಳೆಯುತ್ತಿರುವ ಮೋಡಕ್ಕೆ ಬಿತ್ತುತ್ತವೆಯೇ ಹೊರತು ಬಲಿತ ಗುಡುಗುಮೋಡದ ಒಡಲನ್ನು ಹೊಗುವುದಿಲ್ಲ.

ಇಷ್ಟೆಲ್ಲ ಯಂತ್ರಬಲವುಳ್ಳ ವಿಮಾನವೇ ದಾರಿ ಬಿಡುವಾಗ, ಹೆಗಲ ಮೇಲೆ ಸಲಿಕೆ ಹೊತ್ತ ನಮ್ಮ ರೈತನು ಇನ್ನೊಂದು ಸಾಲು ಮುಗಿಸಿಬಿಡುತ್ತೇನೆಂದು ಹೊಲದಲ್ಲಿ ನಿಲ್ಲುವುದು ಎಂತಹ ವಿವೇಕ? ದನ ಕಾಯುವ ಹುಡುಗರು ಮಳೆಗೆ ಹೆದರಿ ಮರದಡಿ ಸೇರುವುದು, ಬಿದ್ದ ಮಾವಿನಕಾಯಿ ಆಯಲು ಮಕ್ಕಳು ಗಾಳಿಯಲ್ಲಿಯೇ ತೋಪಿಗೆ ಓಡುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಸಿಡಿಲು ಎತ್ತರದ ವಸ್ತುವನ್ನು ಅರಸುತ್ತದೆ. ಮರಕ್ಕೆ ಬಡಿದ ಸಿಡಿಲು ಪಕ್ಕದವರ ಮೈಗೆ ಹಾರುತ್ತದೆ, ಬೇರಿನ ನೆಲದಲ್ಲಿ ಹರಿಯುತ್ತದೆ. ಮರವೇ ಉರುಳುವ ಭಯ ಬೇರೆ. ಸವಣೂರಿನ ದೊಡ್ಡಹುಣಸೆ ಮಠದ ಪುರಾತನ ವೃಕ್ಷಗಳಲ್ಲೊಂದು 2023ರ ಮಳೆಗಾಲದಲ್ಲಿ ಬುಡಸಹಿತ ಉರುಳಿದುದನ್ನೂ, ಭಕ್ತಿಯಿಂದ ಅದನ್ನು ಮತ್ತೆ ನೆಟ್ಟುದನ್ನೂ ಓದುಗರು ಬಲ್ಲರು.

ಮಿಂಚು ಕಂಡೊಡನೆ ಎಣಿಸಲು ತೊಡಗಿರಿ. 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರಿನಂತೆ ಸಿಡಿಲಿನ ದೂರ ತಿಳಿಯುವುದು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಗಟ್ಟಿ ಕಟ್ಟಡವನ್ನು ಸೇರಬೇಕು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಗೆ ಬರಬಾರದು. ಪಂಪಸೆಟ್ಟಿನ ಸ್ಟಾರ್ಟರ್, ತಂತಿಬೇಲಿ, ಕೆರೆಯ ನೀರು, ತೆರೆದ ಟ್ರ್ಯಾಕ್ಟರ್ ಇವುಗಳಿಂದ ದೂರವಿರಬೇಕು. ಬಯಲಿನಲ್ಲಿಯೇ ಸಿಲುಕಿದರೆ ಪಾದಗಳನ್ನು ಜೋಡಿಸಿ ಕುಕ್ಕುರುಗಾಲಿನಲ್ಲಿ ಕುಳಿತುಕೊಳ್ಳಬೇಕು, ಮಲಗಬಾರದು. ಸಿಡಿಲು ಬಡಿದವರನ್ನು ಮುಟ್ಟಿದರೆ ಅಪಾಯವೆಂಬುದು ಸುಳ್ಳು. ಉಸಿರು, ನಾಡಿ ನಿಂತಿದ್ದರೆ ತಡಮಾಡದೆ ಎದೆಯೊತ್ತಿ, 108ಕ್ಕೆ ಕರೆ ಮಾಡಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಎಂಬ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಮುನ್ಸೂಚನೆ ನೀಡುತ್ತದೆ. ಮನೆಯ ಮಕ್ಕಳು ಅದನ್ನು ಹಿರಿಯರ ಮೊಬೈಲಿಗೆ ಹಾಕಿಕೊಡಲಿ.

ಬಸವ ಜಯಂತಿ, ಜಾತ್ರೆ, ಮದುವೆಗಳ ಕಾಲವಿದು. ಹಂದರ ಹಾಕುವವರು ಅದನ್ನು ಬಿಗಿಯಾಗಿ ಕಟ್ಟಿಸಲಿ. ಗುಡುಗು ಕೇಳಿದೊಡನೆ ಬೀಗರನ್ನು ಕಲ್ಯಾಣಮಂಟಪದ ಇಲ್ಲವೆ ಮನೆಯ ಒಳಗೆ ಕರೆಯಲಿ. ಕಾಯಕವು ಕೈಲಾಸವಾಗಬೇಕಾದರೆ ಕಾಯ ಉಳಿಯಬೇಕು. ಹೊಲದ ಸಾಲು ನಾಳೆಗೂ ಕಾಯುತ್ತದೆ; ಮನೆಯಲ್ಲಿ ದಾರಿ ನೋಡುವವರನ್ನು ಕಾಯಿಸಬಾರದು.