ಗೋಧಿಯ ಸತ್ವ: ನೀರೆಷ್ಟು, ಗೊಬ್ಬರವೆಂದು?

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ನಮ್ಮವರು, ಅದರಲ್ಲಿಯೂ ಧಾರವಾಡ, ವಿಜಯಪುರಗಳ ಕಡೆಯವರು, ನಾಲ್ವರು ಕೂಡಿದಲ್ಲಿ ಒಂದು ಮಾತು ಬಂದೇ ಬರುತ್ತದೆ: ಊರಿನ ಗೋಧಿಯ ರುಚಿ ಇಲ್ಲಿನ ಹಿಟ್ಟಿಗಿಲ್ಲ, ರಾಸಾಯನಿಕ ಗೊಬ್ಬರದಿಂದ ಕಾಳಿನ ಸತ್ವವೇ ಹೋಯಿತು. ಇದು ಅರ್ಧ ಸತ್ಯ. ದೋಷವಿರುವುದು ಗೊಬ್ಬರದಲ್ಲಿ ಅಷ್ಟಾಗಿ ಅಲ್ಲ. ಅದನ್ನು ಕೊಡುವ ಕಾಲದಲ್ಲಿ ಮತ್ತು ಗೋಧಿಗೆ ಬೆಲೆ ಕಟ್ಟುವ ಕ್ರಮದಲ್ಲಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ಎರೆ ಭೂಮಿಯ ಹಿಂಗಾರಿ ಗೋಧಿ ನೆಲದಲ್ಲಿ ಉಳಿದ ಹಸಿಯನ್ನೇ ನಂಬಿ ಬೆಳೆಯುವಂಥದು. ಕಾಳು ತುಂಬುವ ವೇಳೆಗೆ ಆ ಹಸಿ ಆರುತ್ತ ಬರುತ್ತದೆ. ಕಾಳಿನ ಸಸಾರಜನಕಕ್ಕೆ, ಅಂದರೆ ಪ್ರೋಟೀನಿಗೆ, ಬೇಕಾದ ಸಾರಜನಕವು ಬಹುಪಾಲು ಎಲೆ ಕಾಂಡಗಳಲ್ಲಿ ಮೊದಲೇ ಸಂಗ್ರಹವಾಗಿರುತ್ತದೆ. ಪಿಷ್ಟವಾದರೋ ಕೊನೆಯವರೆಗೂ ಹೊಸದಾಗಿ ತಯಾರಾಗಬೇಕು. ಆದ್ದರಿಂದ ನೀರಿನ ಕೊರತೆ ಪಿಷ್ಟವನ್ನೇ ಹೆಚ್ಚು ತಗ್ಗಿಸುತ್ತದೆ. ಕಾಳು ಸಣ್ಣದು, ಇಳುವರಿ ಅಲ್ಪ. ಶೇಕಡಾವಾರು ಸಸಾರಜನಕ ಮಾತ್ರ ಅಧಿಕ. ನಾವು ಹೊಗಳುವ ಆ ಸತ್ವಕ್ಕೆ ಬೆಲೆ ತೆತ್ತವನು ಅರ್ಧ ಚೀಲ ಕಡಿಮೆ ಅಳೆದ ರೈತ ಎಂಬುದನ್ನು ಮರೆಯಬಾರದು.

ನೀರು ಹಾಯಿಸಿದರೆ ಇಳುವರಿ ಏರುತ್ತದೆ. ಆದರೆ ಸಾರಜನಕವು ಅಷ್ಟೇ ಇದ್ದು ನೀರು ಮಾತ್ರ ಹೆಚ್ಚಿದರೆ, ಇದ್ದ ಸಸಾರಜನಕವೇ ಹೆಚ್ಚು ಕಾಳುಗಳಿಗೆ ಹಂಚಿ ತೆಳುವಾಗುತ್ತದೆ. ಬನ್ಸಿ ರವೆಯ ಗೋಧಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಗಾಜಿನಂತೆ ಹೊಳೆಯಬೇಕಾದ ಕಾಳಿನಲ್ಲಿ ಮಂಕಾದ ಹಿಟ್ಟಿನ ಮಚ್ಚೆಗಳು. ಇದು ಗೊಬ್ಬರ ಹೆಚ್ಚಾದುದರ ಗುರುತಲ್ಲ, ಸಾರಜನಕ ಸಾಲದುದರ ಗುರುತು! ಬಿತ್ತುವಾಗ ಮತ್ತು ಮೊದಲ ನೀರಿನೊಡನೆ ಕೊಟ್ಟ ಯೂರಿಯಾ ಮುಖ್ಯವಾಗಿ ಇಳುವರಿಗೆ ಹೋಗುತ್ತದೆ. ತೆನೆ ಹೊರಡುವ ಕಾಲದಲ್ಲಿ ಕೊಟ್ಟ ಸ್ವಲ್ಪ ಪಾಲು ಕಾಳಿನ ಸಸಾರಜನಕಕ್ಕೆ ಸೇರುತ್ತದೆ. (ಸಸಾರಜನಕ ಏರಿದಂತೆ ಅದರಲ್ಲಿ ಲೈಸಿನ್ನಿನ ಪಾಲು ಇಳಿಯುವುದರಿಂದ, ಚಪಾತಿಯ ಪಕ್ಕದಲ್ಲಿ ಬೇಳೆ ಇರಲೇಬೇಕು.)

ನೀರು, ಗೊಬ್ಬರಗಳೆರಡೂ ನಮ್ಮ ಈ ನಗರಗಳಿಗೆ ಪರಿಚಿತವೇ. ವಿಶಾಖಪಟ್ಟಣದ ಕೋರಮಂಡಲ್ ಕಾರ್ಖಾನೆ 1967ರಲ್ಲಿ ಸಂಯುಕ್ತ ಗೊಬ್ಬರದ ಉತ್ಪಾದನೆ ಆರಂಭಿಸಿತು. ವಿಜಯವಾಡದಲ್ಲಿ 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜು ತಡೆಯುವ ಕೃಷ್ಣೆಯು ನಮ್ಮ ಗೋಧಿಯ ಸೀಮೆಯನ್ನು ದಾಟಿಯೇ ಬರುವವಳು. ಚಳಿ ಸಾಲದ ಈ ಕರಾವಳಿಯಲ್ಲಿ ಗೋಧಿ ಬೆಳೆಯಲಾರದು. ಇಲ್ಲಿ ನಾವು ಕೊಳ್ಳುವವರು ಮಾತ್ರ.

ಖನಿಜಗಳ ವಿಷಯ ಇನ್ನೂ ಸೂಕ್ಷ್ಮ. ರಂಜಕದ ಗೊಬ್ಬರ ಅತಿಯಾದರೆ ಕಾಳಿನ ಸತು ಇಳಿಯುತ್ತದೆ. ಕಾಳು ತುಂಬುವ ಆರಂಭದಲ್ಲಿ ಸತುವಿನ ಸಲ್ಫೇಟನ್ನು ಎಲೆಗಳಿಗೆ ಸಿಂಪಡಿಸಿದರೆ ಏರುತ್ತದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1843ರಿಂದ ನಡೆದಿರುವ ಪ್ರಯೋಗದ ಗೋಧಿಯನ್ನು ಪರೀಕ್ಷಿಸಿದಾಗ, 1960ರ ದಶಕದ ನಡುವಿನವರೆಗೆ ಸ್ಥಿರವಾಗಿದ್ದ ಸತು, ಕಬ್ಬಿಣಗಳು ಗಿಡ್ಡ ತಳಿಗಳು ಬಂದ ಮೇಲೆ ಇಳಿದವೆಂದು 2008ರಲ್ಲಿ ಪ್ರಕಟವಾಯಿತು. ಮಣ್ಣಿನಲ್ಲಿ ಅವು ಕಡಿಮೆಯಾಗಿರಲಿಲ್ಲ! ಗೊಬ್ಬರವಿಲ್ಲದ ಪಾತಿಯಲ್ಲೂ ಇದೇ ಕಥೆ.

ಇಷ್ಟೆಲ್ಲ ಆದ ಮೇಲೂ ಗಿರಣಿಯಲ್ಲಿ ಆಗುವ ನಷ್ಟದ ಮುಂದೆ ಹೊಲದ ನಷ್ಟ ಸಣ್ಣದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಂತೆ ಮೈದಾದಲ್ಲಿರುವ ಸತು, ಗೋಧಿ ಹಿಟ್ಟಿನಲ್ಲಿರುವುದರ ಮೂರನೆಯ ಒಂದು ಪಾಲಿನಷ್ಟು. ಕಬ್ಬಿಣ ಅರ್ಧಕ್ಕಿಂತ ಕಡಿಮೆ. ಮಕ್ಕಳ ಕೈಗೆ ದಿನಾಲೂ ಮೈದಾದ ಬಿಸ್ಕತ್ತು ಕೊಡುತ್ತ ರೈತನ ಯೂರಿಯಾವನ್ನು ದೂಷಿಸುವುದು ನ್ಯಾಯವಲ್ಲ.

ಪೇಟೆಯಲ್ಲಿ ರೈತನಿಗೆ ಸಿಗುವ ದರ ಮುಖ್ಯವಾಗಿ ತೂಕದ್ದು, ಕಾಳಿನ ನೋಟದ್ದು. ಸಸಾರಜನಕಕ್ಕೆ ಬೇರೆ ದರವಿಲ್ಲ. ತೆನೆಯ ಕಾಲದ ಒಂದು ಪಾಲು ಗೊಬ್ಬರ ತೂಕವನ್ನು ಹೆಚ್ಚಿಸದಿದ್ದಲ್ಲಿ ಆತ ಅದನ್ನೇಕೆ ಕೊಟ್ಟಾನು? ನಮ್ಮ ಸಂಘದ ಕೆಲವು ಮನೆಗಳು ಮತ್ತು ಹೋಟೆಲುಗಳು ಒಟ್ಟುಗೂಡಿ, ಮಚ್ಚೆಯಿಲ್ಲದ ಕಾಳಿಗೆ ಕಿಲೋಗೆ ಇಷ್ಟು ಹೆಚ್ಚೆಂದು ಮೊದಲೇ ಒಪ್ಪಿ, ಊರಿನ ರೈತರಿಂದಲೇ ನೇರವಾಗಿ ತರಿಸಲು ಈ ಸುಗ್ಗಿಯಲ್ಲಿಯೇ ಪ್ರಯತ್ನಿಸಬಹುದು.